ಹಬ್ ಮೋಟರ್ ಓಡದಿದ್ದಾಗ: ದೋಷ ಮೋಟರಿನದೋ, ಕಂಟ್ರೋಲರಿನದೋ, ಇನ್ನೆಲ್ಲಿಯದೋ

ಇ-ಸೈಕಲ್ ಅಥವಾ ವಿದ್ಯುತ್ ಸ್ಕೂಟರಿನ ಕೀ ತಿರುಗಿಸಿದರೆ ಡಿಸ್‌ಪ್ಲೇ ಬೆಳಗುತ್ತದೆ, ಹಾರ್ನ್ ಕೂಗುತ್ತದೆ, ಆದರೆ ಆಕ್ಸಿಲರೇಟರ್ ತಿರುವಿದರೆ ಚಕ್ರ ಅಲ್ಲಾಡುವುದಿಲ್ಲ. ಇಲ್ಲವೇ ಕಟಕಟ ಎಂದು ನಡುಗಿ ನಿಂತುಬಿಡುತ್ತದೆ. ಇಲ್ಲವೇ ಏರು ಸಿಕ್ಕ ಕೂಡಲೇ ಗಾಡಿ ಪೂರ್ತಿ ಆಫ್ ಆಗುತ್ತದೆ. ಈ ಮೂರಕ್ಕೂ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹದವಾಗಿ ಕೊಡುವ ಪೆಟ್ಟಿಗೆ) ಹೋಗಿದೆ, ಬದಲಿಸಿ. ಹಾಗೆ ಬದಲಿಸಿದ ಹೊಸ ಕಂಟ್ರೋಲರ್ ಮೊದಲ ಸುತ್ತಿನಲ್ಲೇ ಸುಟ್ಟುಹೋಗುವುದೂ ಉಂಟು, ಏಕೆಂದರೆ ಹಳೆಯದನ್ನು ಸುಟ್ಟ ಕಾರಣ ಮೋಟರಿನ ಕೇಬಲ್‌ನಲ್ಲಿ ಹಾಗೆಯೇ ಕೂತಿರುತ್ತದೆ. ಆದ್ದರಿಂದ ಮೋಟರನ್ನು ಪರೀಕ್ಷಿಸದೆ ಹೊಸ ಕಂಟ್ರೋಲರ್ ಜೋಡಿಸಲೇಬಾರದು. ಇಲ್ಲಿ ಹೇಳಿರುವ ಕ್ರಮವೆಲ್ಲ ಈ ಒಂದು ಮಾತಿನ ಸುತ್ತ ಇದೆ.

ಇದು 36, 48 ಮತ್ತು 60 ವೋಲ್ಟಿನ ಬ್ಯಾಟರಿ, ಚಕ್ರದೊಳಗೇ ಇರುವ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಹಬ್ ಮೋಟರ್, ಅದರಿಂದ ಹೊರಬರುವ ಮೂರು ದಪ್ಪ ಮತ್ತು ಐದು ಸಣ್ಣ ವೈರ್‌ಗಳಿರುವ ಗಾಡಿಗಳಿಗೆ ಅನ್ವಯಿಸುತ್ತದೆ. ಇ-ಸೈಕಲ್‌ಗಳು, ನೋಂದಣಿ ಬೇಕಿಲ್ಲದ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮಿತಿಯ ಸ್ಕೂಟರ್‌ಗಳು ಬಹುಪಾಲು ಇದೇ ಜಾತಿಯವು.

ಬೇಕಾದ ಸಾಮಾನು

ಡಯೋಡ್ ಗುರುತಿರುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಆಕ್ಸಲ್ ನಟ್‌ಗೆ ಹೊಂದುವ ಸ್ಪ್ಯಾನರ್ (12 ಮಿ.ಮೀ. ಆಕ್ಸಲ್ ಇದ್ದರೆ ಸಾಮಾನ್ಯವಾಗಿ 18ರದು), ಅಲೆನ್ ಕೀ ಸೆಟ್, ಮತ್ತು 12 ವೋಲ್ಟ್ 21 ವ್ಯಾಟ್‌ನ ಬ್ರೇಕ್ ಲೈಟ್ ಬಲ್ಬ್‌ಗಳು: 48 ವೋಲ್ಟಿಗೆ ನಾಲ್ಕು, 60ಕ್ಕೆ ಐದು, 36ಕ್ಕೆ ಮೂರು. ಬಲ್ಬ್‌ಗಳನ್ನು ಸರಣಿಯಲ್ಲಿ, ಒಂದರ ಬಾಲಕ್ಕೆ ಇನ್ನೊಂದನ್ನು ಸೇರಿಸಿ ಬೆಸುಗೆ ಹಾಕಿಟ್ಟುಕೊಳ್ಳಿ. ಈ ಬಲ್ಬ್ ಮಾಲೆ ಎರಡು ಕಡೆ ಉಪಯೋಗಕ್ಕೆ ಬರುತ್ತದೆ, ಮತ್ತು ಒಂದು ಕಂಟ್ರೋಲರ್ ಉಳಿಸಿದರೂ ಅದರ ಬೆಲೆ ಹತ್ತಾರು ಪಟ್ಟು ಮರಳಿ ಬಂದಂತೆ.

ಉಂಗುರ, ಬಳೆ, ಲೋಹದ ಪಟ್ಟಿಯ ವಾಚು ತೆಗೆದಿಡಿ. 48 ವೋಲ್ಟ್ ಮೈಗೆ ಹೆಚ್ಚಿನ ಶಾಕ್ ಕೊಡದಿದ್ದರೂ ಬ್ಯಾಟರಿಯ ಎರಡು ತುದಿಗೆ ಉಂಗುರ ತಗುಲಿದರೆ ಅದು ಕೆಂಪಗೆ ಕಾದು ಬೆರಳಿಗೆ ಅಂಟುತ್ತದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಮೋಟರ್ ಇರುವ ಚಕ್ರ ನೆಲ ಬಿಟ್ಟಿರಲಿ. ಆಕ್ಸಿಲರೇಟರಿನ ಕಪ್ಪು ವೈರ್ ತುಂಡಾಗಿದ್ದರೆ ಕೆಲವು ಕಂಟ್ರೋಲರ್‌ಗಳು ಕೀ ಹಾಕಿದ ಕ್ಷಣವೇ ಪೂರ್ತಿ ವೇಗದಲ್ಲಿ ಓಡಿಸುತ್ತವೆ. ಚಕ್ರ ನೆಲದ ಮೇಲಿದ್ದರೆ ಗಾಡಿ ಕೈತಪ್ಪಿ ಹೋಗುತ್ತದೆ.

ಮೊದಲು ಕೈಯಲ್ಲಿ ಚಕ್ರ ತಿರುಗಿಸಿ

ಮೀಟರ್ ಹಿಡಿಯುವ ಮುಂಚೆ ಮಾಡುವ ಈ ಎರಡು ನಿಮಿಷದ ಪರೀಕ್ಷೆ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಕೀ ಆಫ್ ಮಾಡಿ, ಬ್ಯಾಟರಿ ಬಿಡಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಒಳಗೆ ಗಿಯರ್ ಇರುವ ಚಿಕ್ಕ ಹಬ್ ಆದರೆ ಹಿಮ್ಮುಖವಾಗಿ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಫ್ರೀವೀಲ್ (ಒಂದೇ ದಿಕ್ಕಿಗೆ ಹಿಡಿಯುವ ಭಾಗ) ಕಳಚಿಕೊಂಡು ಮೋಟರ್ ತಿರುಗುವುದೇ ಇಲ್ಲ.

ಚಕ್ರ ಹಗುರವಾಗಿ ತಿರುಗಿದರೆ ಒಳ್ಳೆಯದು. ಹಲ್ಲು ಕಚ್ಚಿದಂತೆ ತಡೆದು ತಡೆದು ಬಿಗಿಯಾಗಿ ತಿರುಗಿದರೆ ಎಲ್ಲೋ ಶಾರ್ಟ್ ಇದೆ. ತಿರುಗುವ ಮೋಟರ್ ಜನರೇಟರ್ ಆಗಿ ಕೆಲಸ ಮಾಡುತ್ತದೆ. ಎರಡು ದಪ್ಪ ವೈರ್ ಎಲ್ಲಾದರೂ ಕೂಡಿಕೊಂಡಿದ್ದರೆ ಆ ದಾರಿಯಲ್ಲಿ ಕರೆಂಟ್ ಹರಿದು ಚಕ್ರವನ್ನೇ ಹಿಡಿಯುತ್ತದೆ. ಈಗ ಹಳದಿ, ಹಸಿರು, ನೀಲಿ ದಪ್ಪ ವೈರ್‌ಗಳನ್ನು ಕಂಟ್ರೋಲರಿನಿಂದ ಕಳಚಿ, ತುದಿಗಳು ಒಂದಕ್ಕೊಂದು ತಾಗದಂತೆ ಬಿಟ್ಟು, ಮತ್ತೆ ತಿರುಗಿಸಿ. ಬಿಗಿತ ಹೋಯಿತೇ? ಕಂಟ್ರೋಲರಿನೊಳಗೆ ಮಾಸ್‌ಫೆಟ್ (ಮೋಟರಿಗೆ ಕರೆಂಟ್ ಹರಿಸಿ ನಿಲ್ಲಿಸುವ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆಗಿದೆ. ಬಿಗಿತ ಉಳಿಯಿತೇ? ಶಾರ್ಟ್ ಇರುವುದು ಮೋಟರಿನ ಕೇಬಲ್ ಅಥವಾ ಸುರುಳಿಯಲ್ಲಿ. ಅದನ್ನು ಸರಿಪಡಿಸದೆ ಯಾವ ಕಂಟ್ರೋಲರ್ ಹಾಕಿದರೂ ಸುಡುತ್ತದೆ.

ಒಂದು ಎಚ್ಚರಿಕೆ: ರಿಮೋಟ್ ಅಲಾರ್ಮ್ ಇರುವ ಸ್ಕೂಟರ್‌ಗಳಲ್ಲಿ ಲಾಕ್ ಒತ್ತಿದ್ದರೆ ಕಂಟ್ರೋಲರೇ ಮೋಟರನ್ನು ಹಿಡಿದಿಡುತ್ತದೆ. ಬ್ಯಾಟರಿ ಬಿಡಿಸಿ ನೋಡಿದರೆ ಈ ಗೊಂದಲ ಬರುವುದಿಲ್ಲ.

ಭಾರ ಬಿದ್ದಾಗ ವೋಲ್ಟೇಜ್ ಎಷ್ಟು?

ಲೈಟ್ ಉರಿಯುತ್ತಿದೆ, ಆದ್ದರಿಂದ ಬ್ಯಾಟರಿ ಸರಿಯಿದೆ ಎನ್ನುವ ತೀರ್ಮಾನ ತಪ್ಪು. ಲೈಟಿಗೆ ಒಂದು ಆಂಪಿಯರ್ ಸಾಕು, ಏರಿನಲ್ಲಿ ಮೋಟರಿಗೆ 15ರಿಂದ 20 ಬೇಕು. ಮಲ್ಟಿಮೀಟರ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ಅದರ ಒಳತಡೆ ಸುಮಾರು 10 ಮೆಗಾಓಮ್ ಇರುವುದರಿಂದ, ಸುಟ್ಟು ಕರಿಕಟ್ಟಿದ ಎಂಸಿಬಿಯ (ಬ್ಯಾಟರಿ ದಾರಿಯ ಸುರಕ್ಷಾ ಸ್ವಿಚ್) ಮೂಲಕವೂ ಪೂರ್ತಿ 52 ವೋಲ್ಟ್ ತೋರಿಸುತ್ತದೆ.

48 ವೋಲ್ಟಿನ 13 ಸರಣಿಯ (ಅಂದರೆ 13 ಸೆಲ್ ಒಂದರ ಹಿಂದೆ ಒಂದು ಸೇರಿಸಿದ) ಲಿಥಿಯಂ ಬ್ಯಾಟರಿ ತುಂಬಿದಾಗ 54.6, 36 ವೋಲ್ಟಿನ 10 ಸರಣಿಯದು 42 ವೋಲ್ಟ್ ಇರುತ್ತದೆ. 48ರ ಕಂಟ್ರೋಲರ್ ಸಾಮಾನ್ಯವಾಗಿ 42ರ ಆಸುಪಾಸಿನಲ್ಲಿ ಕೈಬಿಡುತ್ತದೆ. ಲೆಡ್ ಆಸಿಡ್‌ನ ನಾಲ್ಕು ಬ್ಯಾಟರಿಗೆ ತಲಾ 10.5 ಎಂಬ ಲೆಕ್ಕವೂ ಅಲ್ಲಿಗೇ ಬರುತ್ತದೆ. ಕಂಟ್ರೋಲರಿನ ದಪ್ಪ ಕೆಂಪು-ಕಪ್ಪು ವೈರ್‌ಗಳ ಮೇಲೆ ಮೀಟರ್ ಇಟ್ಟು, ಚಕ್ರವನ್ನು ಬ್ರೇಕ್ ಹಿಡಿಯದೆ ಮರದ ತುಂಡಿನಿಂದ ಮೆಲ್ಲಗೆ ಒತ್ತಿ (ಬ್ರೇಕ್ ಲಿವರ್ ಹಿಡಿದರೆ ಮೋಟರ್ ಕಟ್ ಆಗುತ್ತದೆ), ಆಕ್ಸಿಲರೇಟರ್ ಕೊಡಿ. ವೋಲ್ಟೇಜ್ ಒಂದೆರಡು ಇಳಿದರೆ ಸಹಜ. 50ರಿಂದ ಸರ್ರನೆ 40ಕ್ಕೆ ಬಿದ್ದರೆ ಮೋಟರ್, ಕಂಟ್ರೋಲರ್ ಎರಡನ್ನೂ ಮರೆತು ಬ್ಯಾಟರಿ ಕಡೆ ಹೋಗಿ. ಮೋಟರ್ ತಿರುಗುವುದೇ ಇಲ್ಲವಾದರೆ ಅದರ ಬದಲು ಅದೇ ಕೆಂಪು-ಕಪ್ಪು ವೈರ್‌ಗಳ ನಡುವೆ ಬಲ್ಬ್ ಮಾಲೆಯನ್ನು ಭಾರವಾಗಿ ಹಾಕಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಅಷ್ಟಕ್ಕೇ ವೋಲ್ಟೇಜ್ ಕುಸಿದರೆ ಕಾಂಟ್ಯಾಕ್ಟ್ ಸತ್ತಿದೆ.

ಲೆಡ್ ಆಸಿಡ್ ಸೆಟ್ಟಿನಲ್ಲಿ ಪ್ರತಿ ಬ್ಯಾಟರಿಯನ್ನೂ ಭಾರದಲ್ಲಿ ಬೇರೆ ಬೇರೆಯಾಗಿ ಅಳೆಯಿರಿ. ಮೂರು 12ರ ಮೇಲಿದ್ದು ಒಂದು 9ಕ್ಕೆ ಇಳಿದರೆ ಅದೊಂದೇ ಇಡೀ ಗಾಡಿಯನ್ನು ನಿಲ್ಲಿಸುತ್ತಿರುತ್ತದೆ.

ಬ್ಯಾಟರಿ ಗಟ್ಟಿಯಾಗಿದ್ದು ಕಂಟ್ರೋಲರಿನಲ್ಲಿ ಮಾತ್ರ ವೋಲ್ಟೇಜ್ ಬೀಳುತ್ತಿದ್ದರೆ ನಡುವಿನ ಪ್ರತಿ ಜೋಡಣೆಯ ಎರಡು ಪಕ್ಕಕ್ಕೆ ಮೀಟರ್ ಇಡಿ: ಎಂಸಿಬಿ, ಫ್ಯೂಸ್ ಹೋಲ್ಡರ್, ಬ್ಯಾಟರಿ ಕಪ್ಲರ್ (ವೈರ್ ಜೋಡಿಸುವ ಪ್ಲಗ್). ಓಡುವಾಗ ಒಂದು ಜೋಡಣೆಯಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಳೆದುಹೋಗಬಾರದು. 20 ಆಂಪಿಯರಿನಲ್ಲಿ 0.1 ಓಮ್ ಇದ್ದರೂ 2 ವೋಲ್ಟ್ ನಷ್ಟ, ಅಂದರೆ 40 ವ್ಯಾಟ್ ಶಾಖ ಆ ಪುಟ್ಟ ಕಪ್ಲರಿನೊಳಗೆ. ಪ್ಲಾಸ್ಟಿಕ್ ಕಂದಾಗಿ ಕರಗಿರುವುದು ಇದರಿಂದಲೇ. ಅಂಥದ್ದನ್ನು ಉಜ್ಜಿ ಮತ್ತೆ ಹಾಕಬೇಡಿ, ಪಿನ್ನಿನ ಬಿಗಿತ ಹೋಗಿರುತ್ತದೆ. ಕತ್ತರಿಸಿ ಹೊಸ ಕಪ್ಲರ್ ಹಾಕಿ.

ಓಡದಂತೆ ತಡೆಯುವ ಚಿಕ್ಕ ಸ್ವಿಚ್‌ಗಳು

ಬ್ರೇಕ್ ಲೈಟ್ ಸದಾ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಬ್ರೇಕ್ ಸ್ವಿಚ್ ಅಂಟಿಕೊಂಡಿದೆ, ಗಾಡಿ ನಿಂತಿರುವುದು ಅದರಿಂದಲೇ. ಸೈಕಲ್‌ಗಳಲ್ಲಿ ಎರಡೂ ಲಿವರಿನ ಕಪ್ಲರ್ ಬಿಡಿಸಿ ಆಕ್ಸಿಲರೇಟರ್ ಕೊಟ್ಟು ನೋಡಿ. ಸ್ಕೂಟರ್‌ಗಳಲ್ಲಿ ಸೈಡ್ ಸ್ಟ್ಯಾಂಡ್ ಸ್ವಿಚ್ ಮತ್ತು ಪಾರ್ಕಿಂಗ್ ಬಟನ್ನನ್ನೂ ಹೀಗೆಯೇ ನೋಡಬೇಕು. ಕಂಟ್ರೋಲರಿಗೆ ಹೋಗುವ ಸಣ್ಣ ಕೆಂಪು ವೈರ್, ಅಂದರೆ ಕೀ ವೈರ್‌ನಲ್ಲಿ ಪೂರ್ತಿ ಬ್ಯಾಟರಿ ವೋಲ್ಟೇಜ್ ಇರಬೇಕು. ಅದಿಲ್ಲದಿದ್ದರೆ ದಪ್ಪ ವೈರ್‌ನಲ್ಲಿ ಎಷ್ಟಿದ್ದರೂ ಕಂಟ್ರೋಲರ್ ಎಚ್ಚರಗೊಳ್ಳುವುದಿಲ್ಲ.

5 ವೋಲ್ಟ್ ಇದೆಯೇ?

ಆಕ್ಸಿಲರೇಟರ್, ಪೆಡಲ್ ಸೆನ್ಸರ್, ಮೋಟರಿನ ಹಾಲ್ ಸೆನ್ಸರ್ (ಒಳಗಿನ ಆಯಸ್ಕಾಂತ ಎಲ್ಲಿದೆ ಎಂದು ತಿಳಿಸುವುದು) ಮೂರಕ್ಕೂ ಕಂಟ್ರೋಲರ್ ಒಂದೇ 5 ವೋಲ್ಟ್ ಹಂಚುತ್ತದೆ. ಆಕ್ಸಿಲರೇಟರ್ ಕಪ್ಲರಿನ ಹಿಂಬದಿಯಿಂದ, ವೈರ್ ಹೊಕ್ಕ ಕಡೆಯಿಂದ, ಮೀಟರಿನ ಸೂಜಿ ತೂರಿಸಿ ಕೆಂಪು-ಕಪ್ಪು ನಡುವೆ ಅಳೆಯಿರಿ. 4.5ರಿಂದ 5.1ರ ಒಳಗಿರಬೇಕು. ಸೊನ್ನೆ ಬಂದರೆ ಕಂಟ್ರೋಲರ್ ಸತ್ತಿದೆ ಎನ್ನುವ ಮೊದಲು ಹಾಲ್ ಕಪ್ಲರ್, ಪೆಡಲ್ ಸೆನ್ಸರ್, ಆಕ್ಸಿಲರೇಟರ್ ಒಂದೊಂದಾಗಿ ಬಿಡಿಸುತ್ತ ಹೋಗಿ. ಯಾವುದನ್ನು ಬಿಡಿಸಿದಾಗ 5 ವೋಲ್ಟ್ ಮರಳಿ ಬರುತ್ತದೋ ಶಾರ್ಟ್ ಅದರಲ್ಲಿದೆ. ಎಲ್ಲ ಬಿಡಿಸಿದರೂ ಬಾರದಿದ್ದರೆ, ಕೀ ವೈರ್‌ನಲ್ಲಿ ಸಪ್ಲೈ ಇದ್ದರೆ, ದೋಷ ಕಂಟ್ರೋಲರಿನದೇ.

5 ವೋಲ್ಟ್ ಇದ್ದರೆ ಸಿಗ್ನಲ್ ವೈರ್ (ಸಾಮಾನ್ಯವಾಗಿ ಹಸಿರು ಅಥವಾ ಬಿಳಿ) ನೋಡಿ. ಬಿಟ್ಟಾಗ ಸುಮಾರು 0.8, ಪೂರ್ತಿ ತಿರುವಿದಾಗ 3.6ರಿಂದ 4.2, ನಡುವೆ ಎಲ್ಲೂ ಜಿಗಿಯದೆ ಏರಬೇಕು. ಬಿಟ್ಟಾಗಲೇ 1.2ರ ಮೇಲಿದ್ದರೆ ಬಹಳಷ್ಟು ಕಂಟ್ರೋಲರ್‌ಗಳು ಸುರಕ್ಷತೆಗಾಗಿ ಓಡಲು ಒಪ್ಪುವುದಿಲ್ಲ. ಒಳಗಿನ ಆಯಸ್ಕಾಂತ ಜರುಗಿದಾಗ, ನೀರು ಇಳಿದಾಗ, ಸ್ಪ್ರಿಂಗ್ ಸೋತು ಹಿಡಿ ಪೂರ್ತಿ ಹಿಂದೆ ಬಾರದಿದ್ದಾಗ ಹೀಗಾಗುತ್ತದೆ.

ಹಾಲ್ ಸೆನ್ಸರ್: ನಡುಕದ ಮೂಲ

ನಿಂತಲ್ಲಿಂದ ಹೊರಡುವಾಗ ಗುರ್ ಎಂದು ನಡುಗಿ, ಕೈಯಿಂದ ತಳ್ಳಿಕೊಟ್ಟರೆ ಓಡಿದರೆ ಮೊದಲ ಅನುಮಾನ ಇವುಗಳ ಮೇಲೆ. ಮೋಟರಿನೊಳಗೆ ಮೂರು ಪುಟ್ಟ ಸೆನ್ಸರ್‌ಗಳಿವೆ. ಆಯಸ್ಕಾಂತ ಎಲ್ಲಿದೆ ಎಂದು ಅವು ಹೇಳಿದರೆ ಮಾತ್ರ ಯಾವ ಸುರುಳಿಗೆ ಕರೆಂಟ್ ಕೊಡಬೇಕೆಂದು ಕಂಟ್ರೋಲರಿಗೆ ತಿಳಿಯುತ್ತದೆ. ಹಾಲ್ ಇಲ್ಲದೆಯೂ ನಡೆಸಬಲ್ಲ ಕಂಟ್ರೋಲರ್‌ಗಳಲ್ಲಿ ದೋಷ ಮರೆಯಾಗಿರುತ್ತದೆ: ಹೊರಡುವಾಗ ಎರಡು ಬಾರಿ ಒದರಿ ಆಮೇಲೆ ಸರಿಯಾಗಿ ಓಡುತ್ತವೆ.

ಹಾಲ್ ಕಪ್ಲರ್ ಜೋಡಿಸಿದ ಹಾಗೇ ಇರಲಿ, ದಪ್ಪ ವೈರ್ ಮೂರನ್ನೂ ಬಿಡಿಸಿ, ಕೀ ಆನ್ ಮಾಡಿ. ಮೀಟರಿನ ಕಪ್ಪು ಸೂಜಿ ಹಾಲ್ ಕಪ್ಲರಿನ ಕಪ್ಪು ವೈರ್‌ಗೆ. ಕೆಂಪು ಸೂಜಿಯನ್ನು ಸಣ್ಣ ಹಳದಿ, ಹಸಿರು, ನೀಲಿಗೆ ಒಂದಾದ ಮೇಲೊಂದು ಇಟ್ಟು ಚಕ್ರವನ್ನು ಆದಷ್ಟೂ ನಿಧಾನವಾಗಿ, ಬೆರಳಗಲದಷ್ಟೇ ಸರಿಸುತ್ತ ತಿರುಗಿಸಿ. ಮೂರರಲ್ಲೂ ಓದು ಸೊನ್ನೆಯ ಹತ್ತಿರಕ್ಕೂ 5ರ ಹತ್ತಿರಕ್ಕೂ ಜಿಗಿಯಬೇಕು. 46 ಆಯಸ್ಕಾಂತಗಳಿರುವ ಮೋಟರಿನಲ್ಲಿ ಒಂದು ಸುತ್ತಿಗೆ ಪ್ರತಿ ಸೆನ್ಸರ್ 23 ಬಾರಿ ಹೀಗೆ ಏರಿ ಇಳಿಯುತ್ತದೆ. ಜೋರಾಗಿ ತಿರುಗಿಸಿದರೆ ಮೀಟರ್ ಸರಾಸರಿ ಹಿಡಿದು 2.5ರ ಆಸುಪಾಸು ತೋರಿಸುತ್ತದೆ, ಅದನ್ನು ದೋಷ ಎಂದು ತಿಳಿಯಬೇಡಿ.

ಒಂದು ವೈರ್ ಸದಾ 5ರಲ್ಲೇ ನಿಂತಿದ್ದರೆ ಸೆನ್ಸರ್ ಸತ್ತಿದೆ ಅಥವಾ ಕಪ್ಲರಿಗೂ ಸೆನ್ಸರಿಗೂ ನಡುವೆ ವೈರ್ ತುಂಡಾಗಿದೆ. ಮೂರೂ 5ರಲ್ಲಿ ನಿಂತಿದ್ದರೆ ಮೂರೂ ಒಟ್ಟಿಗೆ ಸತ್ತವು ಎನ್ನುವ ಮೊದಲು ಮೋಟರ್ ಕಡೆಯ ಕೆಂಪು ಅಥವಾ ಕಪ್ಪು ವೈರ್ ಕಿತ್ತಿದೆಯೇ ನೋಡಿ. ಸದಾ ಸೊನ್ನೆ ಇದ್ದರೆ ಕಪ್ಲರ್ ಬಿಡಿಸಿ ಕಂಟ್ರೋಲರ್ ಕಡೆಯ ಆ ವೈರನ್ನೇ ಅಳೆಯಿರಿ. ಅಲ್ಲಿ ಸುಮಾರು 5 ಬಂದರೆ ಕಂಟ್ರೋಲರ್ ನಿರ್ದೋಷಿ, ಸೆನ್ಸರ್ ಅಥವಾ ಮೋಟರ್ ಕೇಬಲ್ ಶಾರ್ಟ್. ಅಲ್ಲೂ ಸೊನ್ನೆಯಾದರೆ ಕಂಟ್ರೋಲರಿನ ಆ ಇನ್‌ಪುಟ್ ಹೋಗಿದೆ. ಹೊರಗಿನ 5 ವೋಲ್ಟಿನಿಂದ ಬರಿಯ ಮೋಟರನ್ನು ಪರೀಕ್ಷಿಸುವುದಾದರೆ ಕೆಂಪು ವೈರಿಗೂ ಸಿಗ್ನಲ್ ವೈರಿಗೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಬೇಕು. ಈ ಸೆನ್ಸರ್‌ಗಳು ತಾವಾಗಿ 5 ವೋಲ್ಟ್ ಕೊಡುವುದಿಲ್ಲ, ಬಂದದ್ದನ್ನು ಕೆಳಗೆ ಎಳೆಯುತ್ತವೆ ಅಷ್ಟೆ.

ಹಾಲ್ ಬದಲಿಸಲು ಮೋಟರ್ ತೆರೆಯಬೇಕು. ಮುಚ್ಚಳ ಮತ್ತು ಹಬ್ ಮೇಲೆ ಮಾರ್ಕರಿನಿಂದ ಗೆರೆ ಎಳೆದುಕೊಳ್ಳಿ, ಪುಲ್ಲರ್ (ಮುಚ್ಚಳ ಎಳೆದು ತೆಗೆಯುವ ಸಾಧನ) ಬಳಸಿ, ಆಯಸ್ಕಾಂತದ ಸೆಳೆತಕ್ಕೆ ಬೆರಳು ಸಿಗದಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಹಾಕುವುದು ಎಸ್‌ಎಸ್‌41ಎಫ್ ಅಥವಾ ಅದಕ್ಕೆ ಸಮನಾದ ಲ್ಯಾಚ್ ಜಾತಿಯದು. ಬೆಂಗಳೂರಿನ ಎಸ್‌ಪಿ ರೋಡಿನಂಥ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಲ್ಲಿ ವಿಚಾರಿಸಬಹುದು. ಅಕ್ಷರ ಇರುವ ಮುಖ ನಿಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದ್ದು 5 ವೋಲ್ಟ್, ನಡುವಿನದು ಗ್ರೌಂಡ್, ಬಲದ್ದು ಸಿಗ್ನಲ್. ಹಳೆಯದರ ಅಕ್ಷರದ ಮುಖ ಯಾವ ಕಡೆಗಿತ್ತೋ ಹೊಸದನ್ನೂ ಅದೇ ಕಡೆಗೆ ಕೂರಿಸಿ. ಒಂದೇ ಸತ್ತಿದ್ದರೂ ಮೂರನ್ನೂ ಬದಲಿಸುವುದು ಲೇಸು. ಮೋಟರನ್ನು ಮತ್ತೆ ತೆರೆಯುವ ಶ್ರಮದ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ.

ದಪ್ಪ ವೈರ್ ಮತ್ತು ಸುರುಳಿ

ಸುರುಳಿಯ ತಡೆ ಒಂದು ಓಮ್‌ಗಿಂತಲೂ ಬಹಳ ಕಡಿಮೆ, ಸಾಧಾರಣ ಮೀಟರಿನ ಓಮ್ ಓದಿನಿಂದ ವ್ಯತ್ಯಾಸ ತಿಳಿಯದು. ಅದರ ಬದಲು ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಚಕ್ರವನ್ನು ಒಂದೇ ಸಮನಾಗಿ ತಿರುಗಿಸುತ್ತ ಹಳದಿ-ಹಸಿರು, ಹಸಿರು-ನೀಲಿ, ನೀಲಿ-ಹಳದಿ ನಡುವೆ ಅಳೆಯಿರಿ. ಮೂರೂ ಜೊತೆಗಳಲ್ಲಿ ಓದು ಒಂದೇ ಆಗಿರಬೇಕು. ಎರಡು ಜೊತೆಯಲ್ಲಿ ಏನೂ ಬಾರದಿದ್ದರೆ ಆ ಎರಡಕ್ಕೂ ಸಮಾನವಾದ ವೈರ್ ತುಂಡಾಗಿದೆ. ಮೀಟರ್ ಇಲ್ಲದಿದ್ದರೆ ಎರಡೆರಡು ವೈರ್ ಕೂಡಿಸಿ ಚಕ್ರ ತಿರುಗಿಸಿ. ಮೂರು ಜೊತೆಗಳಲ್ಲೂ ಬಿಗಿತ ಸಮನಾಗಿದ್ದರೆ ಸುರುಳಿ ಆರೋಗ್ಯವಾಗಿದೆ. ಕೊನೆಗೆ ಓಮ್ ಗುರುತಿನಲ್ಲಿ ಪ್ರತಿ ದಪ್ಪ ವೈರಿಗೂ ಆಕ್ಸಲ್‌ಗೂ ನಡುವೆ ನೋಡಿ. ಏನೂ ತೋರಬಾರದು.

ದೋಷ ಸಿಗುವ ಜಾಗ ಹೆಚ್ಚಾಗಿ ಒಂದೇ: ಕೇಬಲ್ ಆಕ್ಸಲ್ ಒಳಗೆ ಹೋಗುವ ಬಾಯಿ. ನಟ್ ಸಡಿಲವಾದರೆ ಮೋಟರಿನ ತಿರುಚು ಬಲಕ್ಕೆ ಆಕ್ಸಲ್ಲೇ ಫ್ರೇಮಿನ ಸೀಳಿನಲ್ಲಿ ತಿರುಗಿ, ಕೇಬಲನ್ನು ಹಗ್ಗದಂತೆ ಹೊಸೆದು ಕತ್ತರಿಸುತ್ತದೆ. ಗಾಡಿ ಬಿದ್ದಾಗ, ಕಲ್ಲಿಗೆ ಉಜ್ಜಿದಾಗಲೂ ಪೆಟ್ಟು ಇಲ್ಲಿಗೇ. ಒಳಗೆ ದಪ್ಪ ವೈರ್ ಸಣ್ಣ ವೈರಿಗೆ ತಗುಲಿತೆಂದರೆ 48 ವೋಲ್ಟ್ ನೇರ 5 ವೋಲ್ಟಿನ ದಾರಿಗೆ ನುಗ್ಗಿ, ಹಾಲ್ ಮೂರೂ, ಆಕ್ಸಿಲರೇಟರ್, ಕಂಟ್ರೋಲರ್ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಕೊಲ್ಲುತ್ತದೆ. ಹೀಗೆ ಹಲವು ಭಾಗ ಒಟ್ಟಿಗೆ ಸತ್ತಿದ್ದು ಕಂಡರೆ ಕಣ್ಣು ಮುಚ್ಚಿ ಆಕ್ಸಲ್ ಬಾಯಿಯನ್ನೇ ಬಿಚ್ಚಿ ನೋಡಿ.

ಕಂಟ್ರೋಲರಿನ ಮಾಸ್‌ಫೆಟ್ ಪರೀಕ್ಷೆ

ಬ್ಯಾಟರಿ ಬಿಡಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಕೀ ಆನ್ ಮಾಡಿಟ್ಟು, ದಪ್ಪ ಕೆಂಪು-ಕಪ್ಪು ನಡುವೆ 1 ವೋಲ್ಟಿಗಿಂತ ಕೆಳಗಿಳಿಯುವ ತನಕ ಕಾಯಿರಿ. ಮೋಟರಿನ ಕಪ್ಲರ್‌ಗಳನ್ನು ಬಿಡಿಸಿ, ಮೀಟರನ್ನು ಡಯೋಡ್ ಗುರುತಿಗೆ ತನ್ನಿ.

ಮೀಟರಿನ ಕೆಂಪು ಸೂಜಿ ಕಂಟ್ರೋಲರಿನ ದಪ್ಪ ಕಪ್ಪು ವೈರಿಗೆ, ಕಪ್ಪು ಸೂಜಿ ಹಳದಿ, ಹಸಿರು, ನೀಲಿಗೆ ಸರದಿಯಲ್ಲಿ: ಮೂರರಲ್ಲೂ 0.4ರಿಂದ 0.6 ಬರಬೇಕು. ಆಮೇಲೆ ಕಪ್ಪು ಸೂಜಿ ದಪ್ಪ ಕೆಂಪು ವೈರಿಗೆ, ಕೆಂಪು ಸೂಜಿ ಮೂರು ಬಣ್ಣಗಳಿಗೆ: ಮತ್ತೆ ಅದೇ ಓದು. ಆರು ಓದುಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಮಾಸ್‌ಫೆಟ್‌ಗಳು ಶಾರ್ಟ್ ಆಗಿಲ್ಲ. ಯಾವುದಾದರೂ ಸೊನ್ನೆಯ ಹತ್ತಿರ ಬಂದರೆ ಆ ಬಣ್ಣದ ದಾರಿಯ ಮಾಸ್‌ಫೆಟ್ ಕೂಡಿಕೊಂಡಿದೆ. ಏನೂ ತೋರದಿದ್ದರೆ ಬೆಸುಗೆ ಅಥವಾ ವೈರ್ ಬಿಟ್ಟಿದೆ. ಆರೂ ಸರಿಯಿದ್ದು, ಹಾಲ್, ಆಕ್ಸಿಲರೇಟರ್, ಸ್ವಿಚ್, ಸುರುಳಿ ಎಲ್ಲವೂ ಸರಿಯಿದ್ದೂ ಓಡದಿದ್ದರೆ ಮಾಸ್‌ಫೆಟ್ ನಡೆಸುವ ಡ್ರೈವರ್ ಭಾಗ ಹೋಗಿರುತ್ತದೆ.

ಡಿಸ್‌ಪ್ಲೇಯಲ್ಲಿ ಸಂಖ್ಯೆ ಬಂದರೆ ಅದನ್ನೂ ಈ ಅಳತೆಗಳ ಜೊತೆ ಇಟ್ಟು ನೋಡಿ. ಕೆಟಿ ಎಂಬ ತಯಾರಿಕೆಯ ಡಿಸ್‌ಪ್ಲೇಗಳಲ್ಲಿ 01 ಆಕ್ಸಿಲರೇಟರ್, 03 ಹಾಲ್, 06 ಮೋಟರ್ ಅಥವಾ ಕಂಟ್ರೋಲರ್ ಶಾರ್ಟ್. ಬಾಫಾಂಗ್ ಎಂಬ ಇನ್ನೊಂದು ತಯಾರಿಕೆಯಲ್ಲಿ 08 ಹಾಲ್, 30 ಸಂವಹನ ದೋಷ. ಒಂದರ ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ.

ತೆರೆದು ರಿಪೇರಿ ಮಾಡುವವರು ಸ್ಕ್ರೂನ ಪ್ಲಾಸ್ಟಿಕ್ ವಾಷರ್ ಮತ್ತು ಮಾಸ್‌ಫೆಟ್ ಹಿಂದಿನ ನಿರೋಧಕ ಹಾಳೆಯನ್ನು ಮರೆಯದೆ ಮತ್ತೆ ಹಾಕಬೇಕು. ಇಲ್ಲದಿದ್ದರೆ ಅಲ್ಯೂಮಿನಿಯಂ ಪೆಟ್ಟಿಗೆಯೇ ಶಾರ್ಟ್ ದಾರಿ. ಒಂದು ಮಾಸ್‌ಫೆಟ್ ಹೋದ ಬಣ್ಣದಲ್ಲಿ ಮೇಲಿನದು (ದಪ್ಪ ಕೆಂಪು ವೈರ್ ಕಡೆಯದು), ಕೆಳಗಿನದು (ದಪ್ಪ ಕಪ್ಪು ವೈರ್ ಕಡೆಯದು) ಎರಡನ್ನೂ ಬದಲಿಸಿ. ಕೆಪಾಸಿಟರಿನ ಮೇಲೆ ಬರೆದ ವೋಲ್ಟೇಜನ್ನೂ ನೋಡಿ. 48ರ ಕಂಟ್ರೋಲರಿನಲ್ಲಿ ಸಾಮಾನ್ಯವಾಗಿ 63 ವೋಲ್ಟಿನದು ಇರುತ್ತದೆ. ವೇಗ ಹೆಚ್ಚಲಿ ಎಂದು ಅದಕ್ಕೆ 60ರ ಬ್ಯಾಟರಿ ಕೊಟ್ಟರೆ, 17 ಸರಣಿಯದು ತುಂಬಿದಾಗ 71.4 ವೋಲ್ಟ್ ಆಗಿ ಕೆಪಾಸಿಟರ್ ಸಿಡಿಯುತ್ತದೆ.

ಹೊಸದನ್ನು ಜೋಡಿಸುವ ಕ್ರಮ

ಮೊದಲ ಸಲ ಕರೆಂಟ್ ಕೊಡುವಾಗ ಬ್ಯಾಟರಿಯ ಕೆಂಪು ವೈರ್ ದಾರಿಯಲ್ಲಿ ಬಲ್ಬ್ ಮಾಲೆಯನ್ನು ಸೇರಿಸಿ. ಬಲ್ಬ್‌ಗಳು ಒಂದು ಕ್ಷಣ ಮಿಂಚಿ ಆರಿದರೆ ಕೆಪಾಸಿಟರ್ ತುಂಬಿತು, ಶಾರ್ಟ್ ಇಲ್ಲ. ಉರಿಯುತ್ತಲೇ ಇದ್ದರೆ ಕೂಡಲೇ ಬಿಡಿಸಿ. ಮಾಲೆ ಇರುವಾಗ ಶಾರ್ಟ್ ಇದ್ದರೂ ಎರಡು ಆಂಪಿಯರಿಗಿಂತ ಹೆಚ್ಚು ಹರಿಯದು, ಮಾಸ್‌ಫೆಟ್ ಬದುಕುತ್ತದೆ. ಇದೇ ಸ್ಥಿತಿಯಲ್ಲಿ ಆಕ್ಸಿಲರೇಟರನ್ನು ತುಸುವೇ ಕೊಟ್ಟು ಚಕ್ರ ತಿರುಗುವ ದಿಕ್ಕು ನೋಡಿ.

ಬೇರೆ ತಯಾರಿಕೆಯ ಕಂಟ್ರೋಲರಾದರೆ ಬಣ್ಣಕ್ಕೆ ಬಣ್ಣ ಸೇರಿಸಿದರೂ ಮೋಟರ್ ನಡುಗಬಹುದು. ಕಲಿಕೆ ವೈರ್ (ಹೆಚ್ಚಾಗಿ ಎರಡು ಬಿಳಿ ತುದಿ) ಇದ್ದರೆ ಅದನ್ನು ಕೂಡಿಸಿ ಕೀ ಆನ್ ಮಾಡಿ. ಮೋಟರ್ ತಾನೇ ತಿರುಗಲು ತೊಡಗುತ್ತದೆ. ಹಿಮ್ಮುಖವಾಗಿದ್ದರೆ ತುದಿ ಬಿಡಿಸಿ ಮತ್ತೆ ಕೂಡಿಸಿ, ದಿಕ್ಕು ಸರಿಯಾದ ಮೇಲೆ ಬೇರ್ಪಡಿಸಿ ಟೇಪ್ ಸುತ್ತಿ. ಕಲಿಕೆ ವೈರ್ ಇಲ್ಲದಿದ್ದರೆ ಹಾಲ್ ಹಾಗೇ ಇಟ್ಟು ದಪ್ಪ ವೈರ್ ಮೂರರ ಆರು ಜೋಡಣೆಗಳನ್ನು ಒಂದೊಂದಾಗಿ ನೋಡಿ, ಪ್ರತಿ ಸಲವೂ ಬ್ಯಾಟರಿ ಬಿಡಿಸಿ. ಆರರಲ್ಲಿ ಒಂದೇ ಸರಿ. ಅದು ಹಿಂದಕ್ಕೆ ತಿರುಗಿದರೆ ಹಾಲ್‌ನ ಎರಡು ಸಿಗ್ನಲ್ ವೈರ್‌ಗಳನ್ನು ಅದಲುಬದಲು ಮಾಡಿ ಆರನ್ನು ಮತ್ತೆ ನೋಡಬೇಕು. ತಪ್ಪು ಜೋಡಣೆಯಲ್ಲೂ ಮೋಟರ್ ತಿರುಗಬಹುದು, ಆದರೆ ಗರಗರ ಸದ್ದು ಮಾಡುತ್ತ ಭಾರವಿಲ್ಲದೆಯೇ ಹಲವು ಆಂಪಿಯರ್ ಎಳೆಯುತ್ತದೆ. ಸರಿಯಾದದ್ದು ಮೆತ್ತಗೆ ತಿರುಗಿ ಒಂದೆರಡು ಆಂಪಿಯರಿನೊಳಗೆ ನಿಲ್ಲುತ್ತದೆ. ತಿರುಗಿತಲ್ಲ ಎಂದು ತಪ್ಪು ಜೋಡಣೆಯಲ್ಲೇ ರಸ್ತೆಗೆ ಇಳಿಸಿದ ಗಾಡಿ ಮೊದಲ ಏರಿನಲ್ಲೇ ಮಾಸ್‌ಫೆಟ್ ಸುಟ್ಟುಕೊಳ್ಳುತ್ತದೆ.

ಆಕ್ಸಲ್ ನಟ್ಟನ್ನು ಸುಮಾರು 40 ನ್ಯೂಟನ್-ಮೀಟರಿಗೆ ಬಿಗಿ ಮಾಡಿ, ಮೂಗಿರುವ ವಾಷರಿನ ಮೂಗು ಫ್ರೇಮಿನ ಸೀಳಿನೊಳಗೆ ಕೂತಿರಲಿ. ಅಲ್ಯೂಮಿನಿಯಂ ಫ್ರೇಮಿಗೆ ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಹಿಡಿಯುವ ಲೋಹದ ಪಟ್ಟಿ) ಕಡ್ಡಾಯ ಎಂದೇ ತಿಳಿಯಿರಿ. ಕೇಬಲ್ ಆಕ್ಸಲ್ ಬಾಯಿಂದ ನೇರ ಮೇಲೇರದೆ, ಮೊದಲು ಕೆಳಗೆ ಬಾಗಿ ಆಮೇಲೆ ಏರಲಿ. ಮಲೆನಾಡು, ಕರಾವಳಿಯ ಮಳೆಯಲ್ಲಿ ಕೇಬಲ್ ಗುಂಟ ಇಳಿಯುವ ನೀರು ಆ ಬಾಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ, ಮೋಟರಿನೊಳಗೆ ಹೋಗುವುದಿಲ್ಲ. ವಾಟರ್ ವಾಶ್ ಮಾಡಿಸುವಾಗ ಹಬ್ಬಿನ ಬದಿ, ಕಂಟ್ರೋಲರ್, ಕಪ್ಲರ್‌ಗಳ ಕಡೆ ಪೈಪ್ ಹಿಡಿಯದಂತೆ ಹೇಳಿ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ, ದಪ್ಪ ವೈರ್ ಮೂರರ ಕಪ್ಲರ್‌ಗಳನ್ನು ಮುಟ್ಟಿ ನೋಡಿ. ಮೂರರಲ್ಲಿ ಒಂದು ಮಾತ್ರ ಬಿಸಿಯಾಗಿದ್ದರೆ ಅದರ ಪಿನ್ ಸಡಿಲವಿದೆ, ಅಂದೇ ಬದಲಿಸಿ.